ಉಸ್ಮಾನ್ ಮಿಸ್ತ್ರಿಯ ಸಹಿ

ಗೇರ್ ಬಾಕ್ಸಿನಿಂದ ಇಳಿಸಿದ ಹಳೆ ಎಣ್ಣೆಯನ್ನು ಉಸ್ಮಾನ್ ಮಿಸ್ತ್ರಿ ಹಾಗೇ ಚೆಲ್ಲುತ್ತಿರಲಿಲ್ಲ. ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ಬಿಳಿ ಚಿಂದಿಯ ಮೇಲೆ ಹರಡಿ ಬಿಸಿಲಿಗೆ ಹಿಡಿಯುತ್ತಿದ್ದ. ಬೀದರಿನ ಬಸ್ ಡಿಪೋದಲ್ಲಿ ನಾವು ಡ್ರೈವರುಗಳು ಅವನನ್ನು ಹಕೀಮ ಎಂದು ಕಾಡಿಸುತ್ತಿದ್ದೆವು. ಅವನಿಗೇನೂ ಬೇಜಾರಿಲ್ಲ. "ಹಕೀಮನ ಮುಂದ ಮಂದಿ ಸುಳ್ಳ ಹೇಳ್ತಾರ್ರಿ. ಎಣ್ಣಿ ಹೇಳಂಗಿಲ್ಲ," ಎನ್ನುತ್ತಿದ್ದ.

ಗಾಡಿ ತಣ್ಣಗಿದ್ದರೆ ಎಣ್ಣೆ ಬದಲಿಸಲು ಸುತರಾಂ ಒಪ್ಪುತ್ತಿರಲಿಲ್ಲ. ಹಲಬರ್ಗಾದ ತನಕ ಓಡಿಸಿಕೊಂಡು ಬಾ ಎಂದು ಅಟ್ಟುತ್ತಿದ್ದ. "ಬಿಸಿ ಇದ್ದಾಗ ಹೊಲಸೆಲ್ಲ ಎಣ್ಣಿ ಸಂಗಟ ಬರ್ತದ. ತಣ್ಣಗಾದರ ತಳಕ್ಕ ಕುಂತು ಬಿಡ್ತದ." ನಟ್ ಬಿಚ್ಚಿದ ಮೇಲೆ ಕೊನೆಯ ಹನಿ ಬೀಳುವವರೆಗೂ ಬಸ್ಸಿನಡಿ ಅಂಗಾತ ಮಲಗಿರುವವನೇ. ನಾನು ಊಟ ಮುಗಿಸಿ ಬಂದರೂ ಅವನ ಕಾಲೆರಡು ಅಲ್ಲೇ ಕಾಣುತ್ತಿದ್ದವು. ಆ ತಾಳ್ಮೆ ನೋಡಿ ನನಗೆ ಸಿಟ್ಟು ಬರುತ್ತಿತ್ತು.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಡಿಪೋಕ್ಕೆ ಹೊಸ ಸಾಹೇಬರು ಬಂದರು. ಉರ್ದುವಿನಲ್ಲಿ ಬರೆದ ವರದಿ ಇನ್ನು ನಡೆಯುವುದಿಲ್ಲ ಎಂದರು. ಮಿಸ್ತ್ರಿ ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದ, ಆದರೆ ಓದಲು ಬರುತ್ತಿರಲಿಲ್ಲ. ಹೀಗಾಗಿ ಅವನು ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು, ಕೆಳಗೆ ಅವನು ಉರ್ದುವಿನಲ್ಲಿ ಸಹಿ ಹಾಕುವುದು ರೂಢಿಯಾಯಿತು.

ಒಂದು ದಿನ ನನ್ನ ಬಸ್ಸಿನ ಎಣ್ಣೆ ಇಳಿಸಿದಾಗ ಚಿಂದಿಯ ಮೇಲೆ ಉಕ್ಕಿನ ಚೂರುಗಳು ಉಳಿದವು. "ಬೇರಿಂಗ್ ಹೋಗ್ಯಾದ. ಹೊಸ ಎಣ್ಣಿ ಹಾಕಿದ್ರೂ ಉಪಯೋಗಿಲ್ಲ. ಗೇರಿನ ಪೆಟ್ಟಿಗಿ ಬಿಚ್ಚಿ ನೋಡೋತನಕ ಗಾಡಿ ನಿಲ್ಲಸ್ರಿ ಅಂತ ಬರಿ," ಎಂದ. ಎರಡು ದಿನ ಬಿಟ್ಟು ಔರಾದಿನಲ್ಲಿ ನನ್ನ ತಂಗಿಯ ಮದುವೆ. ಆ ದಾರಿಗೆ ಇದ್ದದ್ದು ನನ್ನ ಬಸ್ಸೊಂದೇ. ಅವನು ಹೇಳಿದ್ದು ಬಿಟ್ಟು, ಎಣ್ಣೆ ಬದಲಿಸಲಾಗಿದೆ, ಗಾಡಿ ಓಡಿಸಬಹುದು ಎಂದು ಬರೆದೆ. ಅವನು ಸಹಿ ಹಾಕಿದ. ಮರುದಿನ ಬಸ್ಸು ಹೊರಟದ್ದು ಕಂಡು, "ಸಾಹೇಬ್ರು ಕೇಳಲಿಲ್ಲೇನು?" ಎಂದ. ಕೇಳಲಿಲ್ಲ ಎಂದೆ.

ಮದುವೆ ಸುಸೂತ್ರ ಆಯಿತು. ಮಂದಿಯನ್ನು ವಾಪಸು ಕರೆತರುವಾಗ ಗೇರ್ ಬಾಕ್ಸ್ ಕಚ್ಚಿಕೊಂಡು ಬಸ್ಸು ರಸ್ತೆ ಬಿಟ್ಟು ತಗ್ಗಿಗೆ ಇಳಿಯಿತು. ಒಬ್ಬ ಹೆಂಗಸಿನ ಕೈ ಮುರಿಯಿತು. ನನಗೆ ಹೆದರಿಕೆಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಯಾರದೋ ಬಸ್ಸು ಎಂಬಂತೆ ನೋಡುತ್ತ ನಿಂತೆ.

ವಿಚಾರಣೆಯ ದಿನ ಸಾಹೇಬರು ವರದಿಯನ್ನು ಗಟ್ಟಿಯಾಗಿ ಓದಿದರು. ನಾನು ಬರೆದದ್ದೇನೆಂದು ಮಿಸ್ತ್ರಿಗೆ ತಿಳಿದದ್ದು ಆಗಲೇ. ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ, "ಹೌದ್ರಿ ಸಾಹೇಬ್ರ, ನಾನೇ ಹೇಳಿ ಬರಸೀನಿ," ಎಂದ. ಅವನ ಕೆಲಸ ಹೋಯಿತು, ನನ್ನದು ಉಳಿಯಿತು.

ಅವನು ಹೈದರಾಬಾದಿನ ಅಣ್ಣನ ಮನೆಗೆ ಹೊರಟ ದಿನ, ಎಲ್ಲ ಒಪ್ಪಿಕೊಂಡುಬಿಡಬೇಕೆಂದು ಮೈಲೂರಿನ ಅವನ ಮನೆಗೆ ಹೋದೆ. ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ತಲೆ ಎತ್ತಿ, "ತಂಗಿ ಅತ್ತಿ ಮನ್ಯಾಗ ಆರಾಮ ಇದ್ದಾಳೇನಪಾ?" ಎಂದು ಕೇಳಿದ. ಇದ್ದಾಳೆ ಎಂದೆ. ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಜಗ್ಗು," ಎಂದ. ಜಗ್ಗಿದೆ.