ಮಿಲಿಟರಿ ಸ್ಪೆಷಲ್ಲಿಗೆ ಕೂಗಿದ ಹೆಸರು

ಬೇಲೂರಿನ ಯಾವ ಕಚೇರಿಗೆ ಹೋದರೂ ನನಗೊಂದು ಅನುಕೂಲವಿದೆ. "ಯಜಮಾನ್ರ ಹೆಸರೇನಮ್ಮ?" ಎಂದು ಕೇಳಿದರೆ ದೇವಸ್ಥಾನದ ಗೋಪುರದ ಕಡೆ ಕೈ ತೋರಿಸುತ್ತೇನೆ. ಕೇಳಿದವರು ನಕ್ಕು ಬರೆದುಕೊಳ್ಳುತ್ತಾರೆ. ಈ ಸುತ್ತಿನಲ್ಲಿ ಆ ದೇವರ ಹೆಸರು ಗೊತ್ತಿಲ್ಲದವರು ಯಾರಿದ್ದಾರೆ? ಕೇರಿಗೊಬ್ಬರಾದರೂ ಆ ಹೆಸರಿನವರಿದ್ದಾರೆ. ಗಂಡನ ಹೆಸರು ಬಾಯಲ್ಲಿ ಎತ್ತಬಾರದು ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ನಾನೂ ಹೈಸ್ಕೂಲು ಮುಗಿಸಿದವಳೇ, ಇದೆಲ್ಲ ಮೂಢನಂಬಿಕೆ ಎಂದು ಗೊತ್ತು. ಗೊತ್ತಿದ್ದರೇನು ಬಂತು, ನಾಲಿಗೆ ಏಳಬೇಕಲ್ಲ!

ನನ್ನ ಅತ್ತೆಯ ಪಾಡು ಇನ್ನೂ ಚೆಂದ. ಮೊಮ್ಮಗನಿಗೆ ತಾತನ ಹೆಸರಿಡುವುದು ಆ ಮನೆಯ ಪದ್ಧತಿ. ಹಾಗಾಗಿ ಮಗನ ಹೆಸರೆಂದರೆ ಅತ್ತೆಗೆ ಅವರ ಮಾವನ ಹೆಸರು. ಮಾವನ ಹೆಸರನ್ನು ಸೊಸೆಯಾದವಳು ಎತ್ತುವುದುಂಟೇ? ಹೆತ್ತ ತಾಯಿಯೇ ಮಗನನ್ನು ಹುಟ್ಟಿದಾಗಿನಿಂದ 'ಅಪ್ಪಯ್ಯ' ಎಂದು ಕರೆದುಕೊಂಡು ಬಂದಿದ್ದರು. ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರಿಗೂ ಇದ್ದ ಒಬ್ಬನೇ ಗಂಡುದಿಕ್ಕು, ಅವನ ಹೆಸರು ಮಾತ್ರ ಇಬ್ಬರ ಬಾಯಲ್ಲೂ ಇಲ್ಲ. ನಮ್ಮ ಮನೆಯ ದನಗಳಿಗೂ ಹೆಸರಿತ್ತು.

ಅವರು ಮಿಲಿಟರಿಯಲ್ಲಿದ್ದರು. ನಮ್ಮ ಮದುವೆಯಾದ ವರ್ಷವೇ ಅವರ ಪಲ್ಟನ್ನು ಶ್ರೀಲಂಕಾಕ್ಕೆ ಹೋಯಿತು. ಅಲ್ಲಿ ಒಂದೇ ದೇಶದವರು ಎರಡು ಪಾಲಾಗಿ ಹೊಡೆದಾಡುತ್ತಿದ್ದರು, ಬಿಡಿಸಲು ನಮ್ಮವರನ್ನು ಕಳಿಸಿದ್ದರು. "ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರೆ. ಇದ್ಯಾವ ಸೀಮೆ ಲಾಭ ಕಣೇ? ಬಿಡ್ಸಕ್ಕೆ ಹೋದೋರ್ಗೆ ಎರಡು ಕಡೆಯಿಂದ್ಲೂ ಏಟು," ಎಂದು ಅತ್ತೆ ಒಲೆ ಮುಂದೆ ಕೂತು ಬೈಯುತ್ತಿದ್ದರು. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಸೈನ್ಯವನ್ನು ವಾಪಸು ಕರೆಸುತ್ತಿದ್ದಾರೆಂದು ರೇಡಿಯೋದಲ್ಲಿ ಬಂತು. ಆಗಲೂ ನಮಗೆ ಸುದ್ದಿಯಿಲ್ಲ.

ಅತ್ತೆಯದು ಒಂದೇ ವಾದ. ಸತ್ತಿದ್ದರೆ ತಂತಿ ಬರುತ್ತಿತ್ತು, ತಂತಿ ಬಂದಿಲ್ಲ, ಅಂದಮೇಲೆ ಬದುಕಿದ್ದಾನೆ. "ಹನುಮಂತ ಬಾಲಕ್ಕೆ ಬೆಂಕಿ ಹಚ್ಚಿಸ್ಕಂಡಾದ್ರೂ ಲಂಕೆಯಿಂದ ವಾಪಸ್ ಬರ್ಲಿಲ್ವಾ? ನನ್ ಮಗನೂ ಬತ್ತಾನೆ ಬುಡು," ಎನ್ನುತ್ತಿದ್ದರು. ಹಾಗೆ ಧೈರ್ಯದ ಮಾತಾಡಿದ ದಿನವೇ ಅವರು ತಟ್ಟೆಯ ಮುಂದಿನಿಂದ ಉಣ್ಣದೆ ಎದ್ದುಹೋಗುತ್ತಿದ್ದರು. ನನಗೆ ಕಂಡಕಂಡವರ ಮೇಲೆಲ್ಲ ಸಿಟ್ಟು ಬರುತ್ತಿತ್ತು. ಬದುಕಿದ್ದಾರೋ ಇಲ್ಲವೋ, ಅಷ್ಟನ್ನು ಯಾರಾದರೂ ಹೇಳಿದ್ದರೆ ಸಾಕಿತ್ತು.

ಅತ್ತೆಯ ತಮ್ಮ ಅರಸೀಕೆರೆಯಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಒಂದು ಸಂಜೆ ಅವರು ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿಕಳಿಸಿದರು. ನಾಳೆ ಬೆಳಿಗ್ಗೆ ಬೆಂಗಳೂರು ಕಡೆಯಿಂದ ಮಿಲಿಟರಿ ಸ್ಪೆಷಲ್ ಬರುತ್ತದೆ, ಲಂಕೆಯಿಂದ ವಾಪಸಾದವರ ಗಾಡಿ, ಬೆಳಗಾವಿಗೆ ಹೋಗುವುದು, ನೀರು ತುಂಬಿಸಿಕೊಳ್ಳಲು ಅರಸೀಕೆರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಯಾವ ಪಲ್ಟನ್ನು ಎಂದು ಅವರಿಗೂ ಗೊತ್ತಿರಲಿಲ್ಲ. ಅತ್ತೆ ಅಕ್ಕಿ ರೊಟ್ಟಿ ತಟ್ಟಿದರು, ನಾನು ಹುಚ್ಚೆಳ್ಳು ಪುಡಿ ಕುಟ್ಟಿದೆ. ನಮ್ಮೂರು ಹಗರೆಯಿಂದ ಮೊದಲನೇ ಬಸ್ಸು ಹಿಡಿದು ಹಳೇಬೀಡಿನಲ್ಲಿ ಇಳಿದು ಅರಸೀಕೆರೆ ಬಸ್ಸಿಗೆ ಕಾದೆವು. ದೇವಸ್ಥಾನ ಎದುರಿಗೇ ಇದ್ದರೂ ಅತ್ತೆ ಕೈ ಮುಗಿಯಲಿಲ್ಲ. "ಮೊದ್ಲು ಮಗನ್ನ ತೋರಿಸ್ಲಿ, ವಾಪಸ್ ಬರೋವಾಗ ಮುಗೀತೀನಿ," ಎಂದರು. ದೇವರ ಹತ್ತಿರವೂ ಹಟ!

ಪ್ಲಾಟ್‌ಫಾರಮ್ಮಿನ ಮೇಲೆ ನಮ್ಮ ಹಾಗೆಯೇ ಬಂದವರು ಇನ್ನೂ ಕೆಲವರಿದ್ದರು. ಅವರಲ್ಲಿ ಬಾಣಾವರದ ಒಬ್ಬ ತಾಯಿ. ಅವರ ಮಗನೂ ನಮ್ಮವರೂ ಒಟ್ಟಿಗೆ ಸೈನ್ಯ ಸೇರಿದವರು, ಒಂದೇ ಪಲ್ಟನ್ನಿನವರು. ಬಾಣಾವರದಲ್ಲಿ ಸ್ಪೆಷಲ್ ನಿಲ್ಲುವುದಿಲ್ಲವೆಂದು ಇಲ್ಲಿಗೆ ಬಂದಿದ್ದರು. ಆದರೆ ಆ ಮಗ ತೀರಿಹೋದನೆಂದು ಅವರ ಮನೆಗೆ ಆಗಲೇ ತಂತಿ ಬಂದಿತ್ತು. ಅದು ನಮಗೂ ಗೊತ್ತಿತ್ತು. ಮತ್ತೆ ಇವರು ಯಾರನ್ನು ನೋಡಲು ಬಂದಿದ್ದಾರೆ? ಅತ್ತೆ ಅವರ ಕೈ ಹಿಡಿದುಕೊಂಡರು.

"ತಂತಿ ಬಂತು, ಅವ್ನ ಬಟ್ಟೆಬರೆ ಪೆಟ್ಟಿಗೆ ಬಂತು. ಹೆಣ ಬರ್ಲಿಲ್ಲ ಕಣಕ್ಕ," ಎಂದರು ಅವರು. "ಹೆಣ ಕಾಣ್ದೆ ಹೆಂಗೆ ನಂಬಾದು? ತಂತಿ ಬರೆಯೋರು ಒಬ್ಬರದ್ದು ಇನ್ನೊಬ್ಬರಿಗೆ ಬರೆಯಾಕಿಲ್ವಾ?"

ಅತ್ತೆ ಕೈ ಬಿಟ್ಟರು. ಒಬ್ಬರ ತಂತಿ ಇನ್ನೊಬ್ಬರ ಮನೆಗೆ ಹೋಗಬಹುದಾದರೆ ನಮಗೆ ತಂತಿ ಬರದಿರುವುದಕ್ಕೆ ಏನರ್ಥ? ಅಷ್ಟು ದಿನ ಅವರು ಹಿಡಿದು ನಿಂತಿದ್ದ ಒಂದೇ ಆಸರೆ ಅದು.

ಆಗಿನ್ನೂ ಮೀಟರ್ ಗೇಜಿನ ಸಣ್ಣ ಹಳಿಯ ಕಾಲ. ಗಾಡಿ ಬಂದು ನಿಂತಿತು. ನಿಂತದ್ದೇ ತಡ, ಸೈನಿಕರು ನೀರಿನ ಬಾಟಲಿ ಹಿಡಿದು ನಲ್ಲಿಗೆ ಓಡಿದರು. ಎಲ್ಲರದೂ ಒಂದೇ ಬಟ್ಟೆ, ಒಂದೇ ಕಟಿಂಗು, ಎಲ್ಲರೂ ಬಿಸಿಲಿಗೆ ಒಂದೇ ಥರ ಕಪ್ಪಾಗಿದ್ದರು. ನನ್ನ ಗಂಡನನ್ನು ನಾನು ಕಣ್ತುಂಬ ನೋಡಿದ್ದೇ ಕೆಲವು ವಾರ. ಅಯ್ಯೋ ದೇವರೇ, ಎದುರಿಗೆ ಬಂದರೂ ಗುರುತು ಸಿಗದಿದ್ದರೆ ಏನು ಗತಿ ಎಂದು ಭಯವಾಯಿತು. ಬಾಣಾವರದ ತಾಯಿ ಡಬ್ಬಿಯಿಂದ ಡಬ್ಬಿಗೆ ಹೋಗುತ್ತಾ ಮಗನ ಹೆಸರು ಹಿಡಿದು ಗಟ್ಟಿಯಾಗಿ ಕೂಗತೊಡಗಿದರು. ಯಾರೂ ಓ ಎನ್ನಲಿಲ್ಲ. ನಾವು ಅವರ ಹಿಂದೆ ಮೂಗಿಯರ ಹಾಗೆ ನಡೆದೆವು. ಅತ್ತೆ ತಡೆಯಲಾರದೆ ಒಮ್ಮೆ "ಅಪ್ಪಯ್ಯಾ!" ಎಂದರು. ಕಡಲೆಕಾಯಿ ಮಾರುತ್ತಿದ್ದ ಮುದುಕ ತಿರುಗಿ ನೋಡಿದ.

ಒಬ್ಬ ಸೈನಿಕ ನಮ್ಮನ್ನು ಕಂಡು ಹತ್ತಿರ ಬಂದ. ಬೆಳಗಾವಿ ಕಡೆಯ ಕನ್ನಡ. "ಯಾರನ್ನ ಹುಡುಕಾಕತ್ತೀರಿ ಅವ್ವಾರ? ಹೆಸರ ಏನು?"

"ಬೇಲೂರು ದೇವರ ಹೆಸರು," ಎಂದೆ ನಾನು.

"ಬೇಲೂರಾಗ ಯಾವ ದೇವ್ರ ಐತ್ರಿ?"

ಬೇಲೂರಿನ ದೇವರು ಯಾರೆಂದು ಗೊತ್ತಿಲ್ಲದ ಮನುಷ್ಯ ಭೂಮಿಯ ಮೇಲೆ ಇದ್ದಾನೆಂದು ನಮಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ಅವನು ಪಾಪ, ಸಹಾಯ ಮಾಡಲೆಂದೇ, "ಬಸವಣ್ಣ ಏನ್ರಿ? ವೀರಭದ್ರ?" ಎಂದು ಒಂದೊಂದೇ ದೇವರನ್ನು ಕೇಳತೊಡಗಿದ. "ಅಲ್ಲ ಕಣಪ್ಪ, ಅಲ್ಲ!" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಮುಂದುಗಡೆ ಸೀಟಿ ಊದಿದರು. ನಲ್ಲಿಯ ಹತ್ತಿರ ಇದ್ದವರೆಲ್ಲ ಓಡಿ ಬಂದು ಹತ್ತತೊಡಗಿದರು. ಅವನೂ "ಹೆಸರ ಹೇಳ್ರೆವಾ, ಹೆಸರ ಇಲ್ದ ಹೆಂಗ ಹುಡುಕೂದು?" ಎಂದು ಹೇಳುತ್ತಲೇ ಹತ್ತಿಕೊಂಡ.

ಆಗ ಅತ್ತೆ ರೊಟ್ಟಿಗಂಟನ್ನು ನನ್ನ ಕೈಗೆ ತುರುಕಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮಾವನ ಹೆಸರನ್ನು, ಮಗನ ಹೆಸರನ್ನು, ಪೂರ್ತಿಯಾಗಿ, ಹೊಲದ ಆ ಬದುವಿನಲ್ಲಿರುವವರನ್ನು ಕರೆಯುವ ಹಾಗೆ ಕೂಗಿದರು. ಅಂಥ ದನಿ ಅವರಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಸಲ ಕೂಗಿದರು. ಕೂಗುತ್ತಾ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ನಮ್ಮ ಪಕ್ಕದ ಡಬ್ಬಿಯ ಒಳಗಿನಿಂದಲೇ ಉತ್ತರ ಬಂತು. "ಓ!"

ಅವರು ಬಾಗಿಲಿಗೆ ಬಂದರು. ಕೆನ್ನೆ ಬತ್ತಿಹೋಗಿತ್ತು, ಆದರೆ ಅವರೇ, ನನಗೆ ಗುರುತು ಸಿಕ್ಕಿತು. ಬದುಕಿದ್ದಾರೆ! ನಾನು ಪಕ್ಕದ ಕಂಬ ಹಿಡಿದುಕೊಂಡೆ. ಅತ್ತೆ ಅವರ ಎರಡೂ ಕೈ ಹಿಡಿದು ಎಳೆಯುತ್ತಿದ್ದರು. "ಇಷ್ಟೊತ್ತು ಎಲ್ಲಿದ್ಯೋ? ಇಡೀ ಗಾಡಿ ಸುತ್ತಿದ್ವಲ್ಲೋ!" ಅವರು ತಾಯಿಯ ಮುಖ ನೋಡದೆ ತಾಯಿಯ ಹಿಂದೆ ನೋಡುತ್ತಿದ್ದರು. ಅಲ್ಲಿ ಬಾಣಾವರದ ತಾಯಿ ಬಂದು ನಿಂತಿದ್ದರು. ನಾವು ಕಿಟಕಿಯ ಮುಂದೆ ಹಾದುಹೋದದ್ದನ್ನು ನಮ್ಮವರು ಮೊದಲೇ ನೋಡಿದ್ದರಂತೆ. ಆ ತಾಯಿ ಮಗನನ್ನು ಕೂಗುತ್ತಾ ಮುಂದೆ ಬರುತ್ತಿದ್ದದ್ದನ್ನು ಕಂಡು, ಇವರ ಎದುರಿಗೆ ಹೇಗೆ ನಿಲ್ಲುವುದೆಂದು ಒಳಗೇ ಕುಳಿತುಬಿಟ್ಟಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

"ನನ್ ಮಗ?" ಎಂದರು ಆ ತಾಯಿ.

"ಅವ್ನ ಪಕ್ಕದಲ್ಲೇ ಇದ್ದೆ ಅವ್ವ."

ಅಷ್ಟೇ ಹೇಳಿದರು. ಆ ತಾಯಿ ಅವರ ಬಾಯನ್ನೇ ನೋಡಿದರು. ಮುಂದಿನ ಮಾತೇನಾದರೂ ಇದೆಯೋ ಎಂದು ಕಾಯುತ್ತಿದ್ದರೇನೋ. ಆಮೇಲೆ ಮೆಲ್ಲಗೆ ಕೇಳಿದರು.

"ಬಾಯಿಗೆ ನೀರು ಬಿಟ್ಯಾ ಮಗ?"

"ಬಿಟ್ಟೆ ಅವ್ವ. ಕುಡ್ದ."

ಗಾಡಿ ಜಗ್ಗಿತು. ನಾನು ರೊಟ್ಟಿಗಂಟನ್ನು ಅವರ ಕೈಗೆ ಕೊಟ್ಟೆ. "ರಜ ಕೊಡ್ತಾರೆ, ಬತ್ತೀನಿ," ಎಂದರು. ಹಿಂದಿದ್ದವರು ಅವರನ್ನು ಒಳಕ್ಕೆ ಎಳೆದುಕೊಂಡರು, ಬಾಗಿಲಿಗೆ ಬೇರೆಯವರು ಬಂದು ನಿಂತರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಆ ತಾಯಿಯ ಎದುರಿಗೆ ತಾನು ಮಗನನ್ನು ಅಷ್ಟು ಗಟ್ಟಿಯಾಗಿ ಕರೆದೆನಲ್ಲ, ಅವನು ಬಂದನಲ್ಲ ಎಂದು ಅವರಿಗೆ ನಾಚಿಕೆಯಾಗಿತ್ತು.

ಬಾಣಾವರದ ತಾಯಿ ಆ ಸೆರಗನ್ನು ಹಿಡಿದು ಕೆಳಕ್ಕೆ ಎಳೆದರು. "ಯಾಕಕ್ಕ ಬಾಯಿ ಮುಚ್ಕಂಡೆ? ಕೂಗು. ಓ ಅನ್ನೋ ಮಗ ಅವ್ನೆ ನಿಂಗೆ. ಕೂಗು, ಗಾಡಿ ಹೋಯ್ತದೆ."

ಅತ್ತೆ ತಲೆ ಅಲ್ಲಾಡಿಸಿದರು. ಆ ತಾಯಿ ನನ್ನ ಕಡೆ ತಿರುಗಿದರು. "ನೀನಾದ್ರೂ ಕೂಗವ್ವ."

ನಾನು ಕೂಗಿದೆ. ನನ್ನ ಗಂಡನ ಹೆಸರನ್ನು, ಜನ ತುಂಬಿದ ಪ್ಲಾಟ್‌ಫಾರಮ್ಮಿನ ಮೇಲೆ ನಿಂತು, ಗಂಟಲು ಹರಿಯುವ ಹಾಗೆ ಕೂಗಿದೆ. ಓಡುವ ಗಾಡಿಯಿಂದ "ಓ" ಎಂದು ಬಂತು. ಅದನ್ನು ಕೇಳಿಸಿಕೊಂಡ ಮೇಲೆ ಬಾಣಾವರದ ತಾಯಿ ನಿಂತಲ್ಲೇ ಕೆಳಗೆ ಕುಳಿತು, ಎರಡೂ ಕೈಯಿಂದ ನೆಲ ಬಡಿಯುತ್ತಾ, ಮಗನ ಹೆಸರು ಹಿಡಿದು ಅಳತೊಡಗಿದರು. ತಂತಿ ಬಂದ ದಿನದಿಂದ ಅವರು ಅತ್ತದ್ದು ಅದೇ ಮೊದಲಂತೆ.