ಮಡಿಗೊಂದು ದೀರ್ಘ

ನಿನ್ನೆ ಸಂಜೆ ನಮ್ಮ ಸ್ಕೋಫೀಲ್ಡ್ಸ್ ಬಡಾವಣೆಯ ಮನೆಯ ಫ್ರಿಜ್ ತೆರೆದಾಗ ಕೊಬ್ಬರಿ ಮಿಠಾಯಿಯ ಡಬ್ಬಿ ಕಂಡಿತು. ಮರುದಿನದ ಪೂಜೆಗೆಂದು ಹೆಂಡತಿ ಮಾಡಿಟ್ಟದ್ದು. ಮೇಲೊಂದು ಹಳದಿ ಚೀಟಿ: MADI. ಮಗಳಿಗೆ ಕನ್ನಡ ಓದಲು ಬಾರದೆಂದು ಇಂಗ್ಲಿಷ್ ಅಕ್ಷರದ ಎಚ್ಚರಿಕೆ. ಫ್ರಿಜ್ಜಿನಲ್ಲಿ ಮಡಿ ಉಳಿಯುತ್ತದೆಯೇ ಎಂದು ಕೇಳಬೇಡಿ. ನಾನು ಒಮ್ಮೆ ಕೇಳಿ ಅನುಭವಿಸಿದ್ದೇನೆ. ಡಬ್ಬಿಯ ಮೂಲೆಯಲ್ಲಿ ಎರಡು ತುಂಡಿನ ಜಾಗ ಖಾಲಿ. ಪಕ್ಕದಲ್ಲಿ ಮಗಳು, ಕೈ ಬೆನ್ನ ಹಿಂದೆ.

“ಅಪ್ಪಾ, ವೈ ಈಸ್ ಮ್ಯಾಡೀಸ್ ನೇಮ್ ಆನ್ ದಿಸ್?” ಎಂದಳು. ಮ್ಯಾಡಿ ಅವಳ ಕ್ಲಾಸಿನ ಹುಡುಗಿ.

ಬೈಯಬಹುದಿತ್ತು. ಆದರೆ ಬೈಯುವ ಬಾಯಿ ನನಗೆಲ್ಲಿದೆ? ಇದೇ ನಾಲ್ಕು ಅಕ್ಷರ ತಪ್ಪಾಗಿ ಓದಿ ನಾನೇ ಒಮ್ಮೆ ಕೆಲಸ ಕಳೆದುಕೊಳ್ಳುವುದರಲ್ಲಿದ್ದೆ.

ಆಗ ನಾನಿದ್ದದ್ದು ಮೆಲ್ಬರ್ನಿನಲ್ಲಿ. ಬಾಕ್ಸ್ ಹಿಲ್‌ನಲ್ಲಿ ಒಂದು ಬಾಡಿಗೆ ರೂಮು, ಡಾಕ್‌ಲ್ಯಾಂಡ್ಸ್‌ನಲ್ಲಿ ಮೊದಲ ಕೆಲಸ. ಪ್ರೊಬೇಷನ್ ಮುಗಿಯಲು ಒಂಬತ್ತೇ ದಿನ ಉಳಿದಿತ್ತು. ದಾವಣಗೆರೆಯಲ್ಲಿ ಅವ್ವ ಆಗಲೇ ಮಗನಿಗೆ ಪರ್ಮನೆಂಟ್ ಆಯಿತೆಂದು ಬೀದಿಗೆಲ್ಲ ಹೇಳಿ ಮುಗಿಸಿದ್ದರಿಂದ ನನಗೆ ಬೇರೆ ದಾರಿಯೇ ಇರಲಿಲ್ಲ.

ಕೆಲಸ ಏನೆಂದು ಚೂರು ಹೇಳಿಬಿಡುತ್ತೇನೆ, ಬೇಸರಿಸಬೇಡಿ. ಸ್ವಿಚ್ಚುಗಳನ್ನು ನೋಡಿಕೊಳ್ಳುವುದು. ಸ್ವಿಚ್ ಎಂದರೆ ಗೋಡೆಯ ಮೇಲಿನ ದೀಪದ ಸ್ವಿಚ್ಚಲ್ಲ. ಆಫೀಸಿನ ಕಂಪ್ಯೂಟರುಗಳ ವೈರೆಲ್ಲ ಬಂದು ಸೇರುವ ಪೆಟ್ಟಿಗೆ. ಈ ಪೆಟ್ಟಿಗೆಗಳನ್ನು ಕಾಯಲು ಒಂದು ಸಾಫ್ಟ್‌ವೇರ್ ಇರುತ್ತದೆ. ಅದು ಕರೆದಾಗ ಸ್ವಿಚ್ ಓಗೊಡಬೇಕಾದರೆ ಎರಡೂ ಕಡೆ ಒಂದೇ ಪಾಸ್‌ವರ್ಡ್ ಇರಬೇಕು. ಇದ್ದರೆ ಪರದೆಯ ಮೇಲೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಒಂದೊಂದನ್ನೇ ಮಾತಾಡಿಸಲು ಯಾರಿಗೂ ಪುರಸೊತ್ತಿಲ್ಲದ್ದರಿಂದ ಗುಂಪು ಮಾಡಿ ಹೆಸರಿಡುತ್ತಾರೆ.

ನಮ್ಮಲ್ಲಿ ಹೆಸರಿಟ್ಟವರು ಮೈಸೂರಿನ ಶಾರದಾ ಮೇಡಂ. ನನ್ನ ಸೀನಿಯರ್. ಆಫೀಸಿನ ಫ್ರಿಜ್ಜಿನಲ್ಲಿ ಮೇಲಿನ ಅರೆ ಅವರ ಮೊಸರನ್ನದ ಡಬ್ಬಿಯೊಂದಕ್ಕೇ ಮೀಸಲು. ಮಾಂಸ, ಮೊಟ್ಟೆಯವರೆಲ್ಲ ಕೆಳಗೆ. ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಕೇಳಿದವನು ನಾನೊಬ್ಬನೇ, ಉತ್ತರವಾಗಿ ಅವರು ಕನ್ನಡಕದ ಮೇಲಿಂದ ನೋಡಿದ ನೋಟ ಇಂದಿಗೂ ನೆನಪಿದೆ.

ಅಂದು ಅವರು ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು. ಮ್ಯಾನೇಜರ್ ಗ್ರೆಗ್, ಪ್ರಾಕ್ಟೀಸಿಗೆಂದು ಇಟ್ಟ ಸ್ವಿಚ್ಚುಗಳ ಪಾಸ್‌ವರ್ಡ್ ಬದಲಿಸಲು ನನಗೆ ಹೇಳಿ ಮೀಟಿಂಗಿಗೆ ಹೋದ. ಸಾಫ್ಟ್‌ವೇರ್ ತೆರೆದರೆ ಎರಡು ಗುಂಪು: MADI, BIDI. ಆಹಾ, ಕನ್ನಡದವರೆಂದರೆ ಹೀಗಿರಬೇಕು ಎಂದುಕೊಂಡೆ. ಒಂದನ್ನು ಮಾಡಿ, ಇನ್ನೊಂದನ್ನು ಬಿಡಿ! ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ಮಾಡಿದೆ.

ಪರದೆಯ ತುಂಬ ಕೆಂಪು ಚುಕ್ಕೆ ಎದ್ದವು, ಮಗುವಿನ ಮೈಮೇಲೆ ದಡಾರ ಎದ್ದ ಹಾಗೆ. ಇಡೀ ಕಟ್ಟಡದ ನೆಟ್‌ವರ್ಕ್ ಸತ್ತಿದೆ ಎಂದು ಸಾಫ್ಟ್‌ವೇರ್ ಬೊಬ್ಬೆ ಹೊಡೆಯತೊಡಗಿತು. ನಿಜಕ್ಕೂ ಎಲ್ಲ ಚೆನ್ನಾಗಿಯೇ ಓಡುತ್ತಿತ್ತು. ಸ್ವಿಚ್ಚುಗಳಿಗೆ ಹೊಸ ಪಾಸ್‌ವರ್ಡ್ ಕೊಟ್ಟವನು ಸಾಫ್ಟ್‌ವೇರಿಗೆ ಅದನ್ನು ಹೇಳಲು ಮರೆತಿದ್ದೆ, ಅಷ್ಟೇ. ಗಾಬರಿಯಲ್ಲಿ ಆ ‘ಅಷ್ಟೇ’ ಹೊಳೆಯಬೇಕಲ್ಲ! ಗ್ರೆಗ್ ಓಡಿ ಬಂದ. “ವಾಟ್ ಹ್ಯಾವ್ ಯೂ ಡನ್, ಮೇಟ್?” ಎಂದ. ಈ ದೇಶದಲ್ಲಿ ‘ಮೇಟ್’ ಎಂಬುದನ್ನು ಅಷ್ಟು ತಣ್ಣಗೆ ಹೇಳಿದರೆ ಹೆದರಬೇಕು.

ಅಷ್ಟರಲ್ಲಿ ಶಾರದಾ ಮೇಡಂ ಬಂದರು, ಅರ್ಧ ಬಾಯಿ ಮರಗಟ್ಟಿಸಿಕೊಂಡು.

“ಏನೋ ಮಾಡ್ದೆ?”

“ನೀವೇ ಮಾಡಿ ಅಂತ ಬರ್ದೀರಲ್ಲ ಮೇಡಂ!”

ಅವರು ಪರದೆ ನೋಡಿದರು, ನನ್ನನ್ನು ನೋಡಿದರು. “ಅಯ್ಯೋ ರಾಮ! ಅದು ಮಾಡಿ ಅಲ್ವೋ, ಮಡಿ! ಕಟ್ಟಡ ನಡೆಸೋ ಸ್ವಿಚ್ಚು, ಮುಟ್ಟಬಾರದ್ದು. ಬಿಡಿ ಅಂದ್ರೆ ಬಿಡಿ ಸಾಮಾನು ಕಣೋ, ಅದ್ರಲ್ಲಿ ಏನ್ ಬೇಕಾದ್ರೂ ಮಾಡ್ಕೋಬೋದಿತ್ತು.”

“ನಮ್ಮನೇಲಿ ಮಡಿ ಗಿಡಿ ಇರ್ಲಿಲ್ಲ ಮೇಡಂ. ಮಾಡು ಮಾಡು ಅನ್ನೋದೇ ದಿನಾ ಕೇಳ್ತಿದ್ದಿದ್ದು.”

ಅವರು ಕುರ್ಚಿ ಎಳೆದುಕೊಂಡರು. “ಪಾಸ್‌ವರ್ಡ್ ಏನಿಟ್ಟಿದ್ದೀಯ?”

“ಬೆಣ್ಣೆದೋಸೆ. ಮಧ್ಯೆ ಸ್ಪೇಸ್ ಇಲ್ಲ.”

ಸಾಫ್ಟ್‌ವೇರಿಗೂ ಬೆಣ್ಣೆದೋಸೆ ಬಡಿಸಿದರು. ಚುಕ್ಕೆಗಳು ಒಂದೊಂದಾಗಿ ಹಸಿರಾದವು. ತಪ್ಪು ಯಾರದೆಂದು ಗ್ರೆಗ್ ಕೇಳಿದ. ಒಂಬತ್ತು ದಿನ, ಅವ್ವ, ಬೀದಿ, ಎಲ್ಲವೂ ಕಣ್ಣ ಮುಂದೆ ಬಂದವು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಇಂಗ್ಲಿಷಿನಲ್ಲಿ, “ಹೆಸರಿಟ್ಟವಳು ನಾನು,” ಎಂದರು. ಹ್ರಸ್ವ ದೀರ್ಘಗಳ ಪಾಠವನ್ನು ಆ ಮರಗಟ್ಟಿದ ಬಾಯಲ್ಲೇ ಅವನಿಗೆ ಹೇಳಿದರು. ಅವನಿಗೆ ಏನು ತಿಳಿಯಿತೋ, ತಲೆಯಾಡಿಸಿ ಹೋದ. ಒಂಬತ್ತು ದಿನಕ್ಕೆ ನನ್ನ ಪರ್ಮನೆಂಟ್ ಕಾಗದ ಬಂತು, ಅವ್ವನ ಮಾತು ಉಳಿಯಿತು.

ಆದರೆ ನನಗೆ ಹೆಚ್ಚು ನೆನಪಿರುವುದು ಅದರ ಮರುದಿನ. ಫ್ರಿಜ್ಜಿನ ಕೆಳಗಿನ ಅರೆ ತುಂಬಿತ್ತು. ಮೇಡಂ ನನ್ನ ಡಬ್ಬಿಯನ್ನು ತೆಗೆದುಕೊಂಡು ತಮ್ಮದರ ಪಕ್ಕದಲ್ಲಿಟ್ಟರು.

“ಮೇಡಂ, ಮೊಟ್ಟೆ ಪಲ್ಯ.”

“ಇರ್ಲಿ ಬಿಡೋ. ನೀನು ಮುಟ್ಟಿದ್ಮೇಲೆ ಇನ್ನೇನ್ ಮಡಿ ಉಳ್ದಿದೆ?” ಎಂದು ನಕ್ಕರು. ನಾನೂ ನಕ್ಕೆ.

ಇಷ್ಟು ನೆನೆಯುವಷ್ಟರಲ್ಲಿ ಗರಾಜಿನಲ್ಲಿ ಹೆಂಡತಿಯ ಕಾರಿನ ಸದ್ದಾಯಿತು. ಮಗಳ ಮುಖ ಬಾಡಿತು. ಪೆನ್ನು ತೆಗೆದು ಚೀಟಿಯಲ್ಲಿ ಇನ್ನೊಂದು A ಸೇರಿಸಿದೆ: MAADI. ಮಗಳಿಗೊಂದು, ನನಗೊಂದು ತುಂಡು ತೆಗೆದೆ.

ಹೆಂಡತಿ ಒಳಗೆ ಬಂದು ಡಬ್ಬಿ ನೋಡಿದಳು, ಚೀಟಿ ನೋಡಿದಳು. “ಯಾರ್ರೀ ಇದನ್ನ ಮುಟ್ಟಿದ್ದು?”

ಮಗಳು ಬಾಯಿ ತೆರೆಯುವ ಮೊದಲೇ ಹೇಳಿದೆ: “ದೀರ್ಘ ಕೊಟ್ಟವನು ನಾನು.”