ಕೆಡದ ಮಿಷನ್ನಿನ ಪಾಲುದಾರ

ಡ್ರಮ್ ತೀರಿಕೊಂಡ ಸುದ್ದಿ ಬಂದಾಗ ಬ್ಯಾಂಕಿನ ಭಾವ ಗಡ್ಡ ಮಾಡಿಕೊಳ್ಳುತ್ತಿದ್ದರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ. ಫೋನಿನಲ್ಲಿದ್ದವಳು ದೂರದ ಕಡಲತೀರದ ಊರೊಂದರಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುವ ಹೆಂಗಸು. ನಿಮ್ಮ ಭಾವಮೈದ ಬಚ್ಚಲಲ್ಲಿ ವಾಷಿಂಗ್ ಮಿಷನ್ ಬಿಚ್ಚಿಕೊಂಡು ಕೂತಿದ್ದರು, ಕಾಫಿಗೆ ಕರೆದರೆ ಓಗೊಡಲಿಲ್ಲ, ಡಾಕ್ಟರು ಬಂದು ನೋಡಿ ಹೃದಯ ನಿಂತಿದೆ ಎಂದರು ಎಂದಳು. ಭಾವನ ಬಾಯಿಂದ ಮೊದಲು ಹೊರಟ ಮಾತು, "ಯಾವ ಕಂಪನಿ ಮಿಷನ್?"

ಆಮೇಲೆ ಅದಕ್ಕಾಗಿ ನಾಚಿಕೊಂಡರು. ಆದರೆ ಸತ್ತವನು ಬೇರೆ ಯಾರಾದರೂ ಆಗಿದ್ದರೆ, ಡ್ರಮ್ ಕೂಡ ಮೊದಲು ಅದನ್ನೇ ಕೇಳುತ್ತಿದ್ದ.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು, ಯಾರೂ ಬಳಸಲಿಲ್ಲ. ಕೆಟ್ಟ ಮಿಷನ್ನಿನ ಡ್ರಮ್ಮಿನೊಳಗೆ ತಲೆ ತೂರಿಸಿ ಅಲ್ಲಿಂದಲೇ ಗಿರಾಕಿಗಳನ್ನು ಬೈಯುತ್ತಿದ್ದ. ಜೇಬು ನೋಡದೆ ಬಟ್ಟೆ ಹಾಕುವವರಿಗೆ ಮಿಷನ್ ಯಾಕೆ, ದೇವರು ಎರಡು ಕೈ ಕೊಟ್ಟದ್ದು ಯಾಕೆ ಎನ್ನುವ ಮಾತು ಆ ಉಕ್ಕಿನ ಹೊಟ್ಟೆಯಿಂದ ಬರುವಾಗ ಆಕಾಶವಾಣಿಯ ಹಾಗೆ ಗಂಭೀರವಾಗಿ ಕೇಳುತ್ತಿತ್ತು. ಬೀದಿಯ ಮಕ್ಕಳು ಡ್ರಮ್ ಮಾಮ ಎಂದರು. ದೊಡ್ಡವರು ಮಾಮನನ್ನು ಕಳಚಿಟ್ಟು ಡ್ರಮ್ ಉಳಿಸಿಕೊಂಡರು.

ಅಕ್ಕ ಭಾವನ ಮನೆಯ ಮೇಲಿನ ಕೋಣೆಯಲ್ಲಿ ಅವನ ವಾಸ, ಮೆಟ್ಟಿಲ ಕೆಳಗಿನ ಜಾಗದಲ್ಲಿ ರಿಪೇರಿ ಅಂಗಡಿ. ಪಕ್ಕದಲ್ಲೇ ಅಕ್ಕನ ಹೊಲಿಗೆ ಅಂಗಡಿ. ಕತ್ತಲೆ ಮೂಲೆಯ ಕೆಲಸ ಬಂದಾಗ ಕತ್ತರಿ ಕೆಳಗಿಟ್ಟು ಅವಳೇ ಟಾರ್ಚ್ ಹಿಡಿಯುತ್ತಿದ್ದಳು, ಹಿಡಿದಷ್ಟು ಹೊತ್ತೂ ತಮ್ಮನ ಮದುವೆಯ ಮಾತೆತ್ತುತ್ತಿದ್ದಳು. ಮದುವೆಯಾದರೆ ಒಂದು ಮಿಷನ್ ಕೊಳ್ಳಬೇಕಾಗುತ್ತದೆ ಎಂದು ಅವನು ತಪ್ಪಿಸಿಕೊಂಡ.

ಜನರ ಮನೆ ಎಂದರೇನು ಎಂದು ಡ್ರಮ್ಮಿಗೆ ಹಿಂಬದಿಯಿಂದ ಗೊತ್ತಿತ್ತು. ಮಿಷನ್ ಎಳೆದರೆ ಗೋಡೆಯ ಸಂದಿಯಲ್ಲಿ ಒಂಟಿ ಕಾಲುಚೀಲಗಳು, ಪಾಚಿ, ಕಳೆದ ಬೀಗದ ಕೈ, ಯಾವಾಗಲೋ ಜಗಳವಾಡಿ ಬಿಸಾಡಿದ ಉಂಗುರ. ಎಲ್ಲರೂ ದುಡಿದು ದುಡಿದು ಕೊನೆಗೆ ಈ ಸಂದಿಯನ್ನು ಕಾಯುತ್ತಾರೆ ಎಂದು ಅವನ ತೀರ್ಮಾನ. ಅಂಥವನಿಗೆ ಒಂದು ದಿನ ಒಬ್ಬ ಗಿರಾಕಿ ಹುಡುಗಿ ಸಿಕ್ಕಳು. ಮಡಿಲಲ್ಲಿ ಲ್ಯಾಪ್‌ಟಾಪ್, ಮೂಲೆಯಲ್ಲಿ ಒಂದೇ ಒಂದು ಚೀಲ. ಈ ತಿಂಗಳು ಇಲ್ಲಿ, ಮುಂದಿನ ತಿಂಗಳು ಮನಸ್ಸು ಬಂದಲ್ಲಿ ಎಂದಳಂತೆ. ಖರ್ಚಿಗೇನು ಮಾಡುತ್ತೀರಿ ಎಂದು ಡ್ರಮ್ ಕೇಳಿದ. ಅರ್ಧ ಕೆಲಸದಿಂದ, ಅರ್ಧ ಹೂಡಿಕೆಯಿಂದ, ಅದರಲ್ಲೂ ಹೆಚ್ಚಿನದು ಬೇರೆ ದೇಶಗಳಲ್ಲಿದೆ ಎಂದಳು. ಅವನು ಅವತ್ತು ಆ ಮಿಷನ್ನಿಗೆ ಬೆಲ್ಟ್ ತಿರುಗಾಮುರುಗಾ ಹಾಕಿ ಬಂದ. ಅವನ ಜೀವಮಾನದಲ್ಲೇ ಅದು ಮೊದಲು.

ಆ ರಾತ್ರಿ ಊಟಕ್ಕೆ ಕೂತವನು ತಾನೂ ಒಂದು ಚೀಲ ಹಿಡಿದು ಹೊರಡುವುದಾಗಿ, ಕೂಡಿಟ್ಟದ್ದನ್ನೆಲ್ಲ ಹೊರದೇಶದಲ್ಲಿ ಹೂಡಿ ಅದರಿಂದ ಬಂದದ್ದರಲ್ಲಿ ಬದುಕುವುದಾಗಿ ಹೇಳಿದ. ಅಕ್ಕ ಸಾರಿನ ಸೌಟು ಕೆಳಗಿಡದೆ ನಿಂತಳು. ಭಾವ ಬ್ಯಾಂಕಿನಲ್ಲಿ ಠೇವಣಿ ವಿಭಾಗದಲ್ಲೇ ತಲೆ ಬೆಳ್ಳಗಾಗಿಸಿಕೊಂಡವರು. ಅವರಿಗೆ ಹೊರದೇಶ ಎಂದರೆ ವಿನಿಮಯ ದರ, ಎರಡು ಕಡೆಯ ತೆರಿಗೆ, ತಲೆನೋವು. ದುಡ್ಡು ಕಣ್ಣೆದುರಿಗಿರಬೇಕು, ಇಲ್ಲಿನ ಕಂಪನಿಗಳಿಗೆ ಏನಾಗಿದೆ ಎಂದು ಒಂದು ಗಂಟೆ ಪಾಠ ಮಾಡಿದರು.

"ನಾನೇ ಒಂದೂರಲ್ಲಿ ಇರಲ್ಲ ಅಂದ್ಮೇಲೆ ದುಡ್ಡು ಯಾಕೆ ಭಾವ ಒಂದೇ ಊರಲ್ಲಿ ಕೂತಿರಬೇಕು?"

"ಅದು ಒಂದು ಕಡೆ ಕೂತಿದ್ರೆ ತಾನೆ ನೀನು ಅಲೆಯೋಕಾಗೋದು? ಇಬ್ರೂ ಅಲೆದ್ರೆ ಸಿಗೋದೆಲ್ಲಿ?"

ಹೋಗಲಿ, ಹೊರಗೇ ಹಾಕುವುದಾದರೆ ಹತ್ತಾರು ಕಂಪನಿಗೆ ಹಂಚು ಎಂದು ಭಾವ ಬೇಡಿಕೊಂಡರು. ಡ್ರಮ್ ಒಪ್ಪಲಿಲ್ಲ. ಉಳಿದವರು ಪತ್ರಿಕೆ ಓದಿ ಷೇರು ಕೊಳ್ಳುತ್ತಾರೆ, ತಾನು ಹಿಂದಿನ ತಗಡು ಬಿಚ್ಚಿ ನೋಡಿ ಕೊಳ್ಳುವವನು ಎಂದ. ಅವನು ಕಂಡಂತೆ ಪ್ರಪಂಚದಲ್ಲಿ ಒಂದೇ ಕಂಪನಿ ಮರ್ಯಾದಸ್ಥ. ಅದು ಹೊರದೇಶದ್ದು. ಅದರ ಬೇರಿಂಗ್ ಸವೆದದ್ದನ್ನು ಅವನು ನೋಡಿಯೇ ಇರಲಿಲ್ಲ. ಇಲ್ಲಿನ ದೊಡ್ಡ ಕಂಪನಿಯ ಹೆಸರೆತ್ತಿದರೆ ಅವನಿಗೆ ಮೈ ಉರಿಯುತ್ತಿತ್ತು. ಅದರ ಮಿಷನ್ ಬಟ್ಟೆ ಹಿಂಡಲು ಶುರುಮಾಡಿದರೆ ಗಡಗಡ ನಡುಗುತ್ತ ನೆಲದ ಮೇಲೆ ನಡೆದೇ ಬಿಡುತ್ತಿತ್ತು. "ಮಾಲೀಕನಿಗಿಂತ ಮೊದಲು ಅದೇ ಮನೆ ಬಿಡುತ್ತೆ" ಎನ್ನುತ್ತಿದ್ದ. ಕೂಡಿಟ್ಟದ್ದೆಲ್ಲ ಆ ಒಂದೇ ಮರ್ಯಾದಸ್ಥ ಕಂಪನಿಗೆ ಹೋಯಿತು.

ಮೊದಲು ಷೇರು ಏರಿತು. ಡ್ರಮ್ ಚೀಲ ಕೊಂಡ. ಆಮೇಲೆ ನಿಂತಿತು. ಚೀಲ ಗೂಟಕ್ಕೆ ನೇತುಬಿದ್ದಿತು. ಆಮೇಲೆ ಇಳಿಯುತ್ತಲೇ ಹೋಗಿ, ಕೊನೆಗೊಂದು ಬೆಳಿಗ್ಗೆ ಆ ಕಂಪನಿ ಕಾರ್ಖಾನೆಗೆ ಬೀಗ ಜಡಿದ ಸುದ್ದಿ ಬಂತು. ಡ್ರಮ್ ಭಾವನ ಎದುರು ಕುರ್ಚಿಯಲ್ಲಿ ಬಂದು ಕೂತ. ತಲೆ ತೂರಿಸಿ ಬೈಯಲು ಒಂದು ಡ್ರಮ್ಮೂ ಇರಲಿಲ್ಲ.

"ಕೆಡದೇ ಇರೋದನ್ನ ಮಾಡಿದ್ರು ಭಾವ. ಒಂದ್ಸಲ ಕೊಂಡೋನು ಮತ್ತೆ ಅಂಗಡಿ ಕಡೆ ತಲೆನೇ ಹಾಕ್ಲಿಲ್ಲ. ನಾನೇ ಎಲ್ಲರಿಗೂ ಹೇಳ್ತಿದ್ದೆ, ಇದನ್ನ ಕೊಂಡ್ರೆ ನನ್ನನ್ನ ಮತ್ತೆ ಕರೆಯೋ ಹಾಗೇ ಇಲ್ಲ ಅಂತ."

ಆಗ ಭಾವ ಒಂದು ವಿಷಯ ಬಾಯಿಬಿಟ್ಟರು. ಇಲ್ಲಿನ ಕಂಪನಿಯನ್ನು ಡ್ರಮ್ ದಿನವೂ ಶಪಿಸುವುದನ್ನು ಕೇಳಿ ಕೇಳಿ, ಇಷ್ಟು ಕೆಡುತ್ತಿವೆ ಎಂದರೆ ಇಷ್ಟು ಮಾರಾಟವಾಗುತ್ತಿವೆ ಎಂದರ್ಥ ಎಂದು ಅವರು ಸದ್ದಿಲ್ಲದೆ ಅದರ ಷೇರು ಕೊಂಡಿದ್ದರು. ಬಿಡಿಭಾಗ ಮಾರಿಯೇ ಆ ಕಂಪನಿ ಕೊಬ್ಬಿತ್ತು. ನಿನ್ನ ಬೈಗುಳದ ಮೇಲೆ ಬಂದ ದುಡ್ಡು, ಅರ್ಧ ನಿನ್ನದೇ, ತಗೊಂಡು ಹೊರಡು ಎಂದರು. ಹೊರಡುವುದು ಬೇಡ ಎಂದು ಒಳಗೊಳಗೇ ಅಂದುಕೊಂಡಿದ್ದವರು ಹಾಗೆ ಹೇಳಿದ್ದು ಅವರಿಗೇ ಆಶ್ಚರ್ಯವಾಯಿತು. ಬ್ಯಾಂಕಿನವರಿಗೆ ತಲೆ ಇರುತ್ತದೆ ಎಂದು ಯಾರೂ ತನಗೆ ಮೊದಲೇ ಹೇಳಿರಲಿಲ್ಲ ಎಂದ ಡ್ರಮ್. ದುಡ್ಡು ಮಾತ್ರ ಮುಟ್ಟಲಿಲ್ಲ. ಆ ದರಿದ್ರ ಮಿಷನ್ನಿನ ಅನ್ನ ಉಣ್ಣುವುದಿಲ್ಲವಂತೆ. ಅಷ್ಟೂ ವರ್ಷ ಉಂಡದ್ದು ಅದನ್ನೇ ಎಂದು ಅಕ್ಕ ಒಳಗಿನಿಂದ ಕೂಗಿ ಹೇಳಿದಳು.

ಆ ಮಾತು ಅವನಿಗೆ ಎಲ್ಲೋ ನಾಟಿತು. ಮುಂದಿನ ಬೇಸಿಗೆಯಲ್ಲಿ ಒಂದು ವಾರಕ್ಕೆಂದು ಬೆಟ್ಟದ ಊರೊಂದಕ್ಕೆ ಹೋದವನು, ಇಳಿದುಕೊಂಡ ಮನೆಯ ಮಿಷನ್ ಸೋರುವುದು ಕಂಡು ಕೈಹಾಕಿದ. ಮನೆಯವರು ಬಾಡಿಗೆ ಬೇಡ ಎಂದರು. ಪಕ್ಕದ ಮನೆಯವರು ಬಂದರು. ವಾರ ತಿಂಗಳಾಯಿತು. ಒಮ್ಮೆ ಬಂದು ಅಂಗಡಿಯ ಬೀಗದ ಕೈಯನ್ನು ಅಕ್ಕನಿಗೆ ಕೊಟ್ಟು, ಹತ್ಯಾರಗಳನ್ನು ಆ ಹೊಸ ಚೀಲಕ್ಕೆ ತುಂಬಿಕೊಂಡು ಹೋದವನು ಮತ್ತೆ ನೆಲೆ ನಿಲ್ಲಲಿಲ್ಲ. ಊರೂರು, ಆಮೇಲೆ ಗಡಿಯಾಚೆಗೂ, ಮತ್ತೆ ಈಚೆಗೂ. ಬೇಜಾರಾದ ದಿನ ಹೊರಡುವುದು, ಮಿಷನ್ ಕೆಟ್ಟಲ್ಲಿ ಇಳಿಯುವುದು. ಹೊರದೇಶದಿಂದ ಒಮ್ಮೆ ಭಾವನ ಫೋನಿಗೆ ಸಂದೇಶ ಬಂತು: "ನಿಮ್ಮ ಕಂಪನಿ ಇಲ್ಲಿಗೂ ಬಂದಿದೆ ಭಾವ. ಊಟಕ್ಕೆ ತೊಂದರೆಯಿಲ್ಲ."

ಭಾವ ಅದನ್ನು ಬ್ಯಾಂಕಿನ ಹಳೆಯ ಗೆಳೆಯರಿಗೆಲ್ಲ ಓದಿ ಹೇಳಿ ನಕ್ಕರು. ಆದರೂ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡಲು ಒಪ್ಪಲಿಲ್ಲ. ಮೊಣಕಾಲು ನೋವು ಶುರುವಾದರೆ ಬಂದೇ ಬರುತ್ತಾನೆ ಎಂದು ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದರು. ಬಂದವನನ್ನು ಹೇಗೆಲ್ಲ ಹಂಗಿಸಬೇಕು ಎಂದೂ ಯೋಚಿಸಿಟ್ಟಿದ್ದರು.

ಈಗ ಅದೆಲ್ಲ ದಂಡವಾಯಿತು. ಭಾವ ಉಳಿದರ್ಧ ಗಡ್ಡವನ್ನು ಹಾಗೇ ಬಿಟ್ಟುಕೊಂಡು ಅಕ್ಕನ ಜೊತೆ ರೈಲು ಹತ್ತಿದರು. ಅವನನ್ನು ಮನೆಗೆ ಕರೆತರುವ ಗಾಡಿಯ ಏರ್ಪಾಡಿಗೆ ದಾರಿಯುದ್ದಕ್ಕೂ ಫೋನು ಮಾಡುತ್ತಿದ್ದರು. ಇಳಿಯುವ ಸ್ಟೇಷನ್ ಹತ್ತಿರವಾದಾಗ ಅಕ್ಕ ಅವರ ಕೈಯಿಂದ ಫೋನು ತೆಗೆದುಕೊಂಡಳು.

"ಬೇಡ ಕಣ್ರೀ. ಅಷ್ಟು ಕಷ್ಟಪಟ್ಟು ಹೊರಬಿದ್ದಿದ್ದಾನೆ. ಮತ್ತೆ ತಂದು ಮೆಟ್ಟಿಲ ಕೆಳಗೆ ಹಾಕೋದು ಬೇಡ."

ಭಾವ ಗಾಡಿಯ ಮಾತು ಬಿಟ್ಟರು. ಅವನ ಅಂತ್ಯಕ್ರಿಯೆಗಳೆಲ್ಲ ಆ ಕಡಲೂರಿನಲ್ಲೇ ಮುಗಿದವು. ಹೆಗಲು ಕೊಡಲು ಬಂದವರಲ್ಲಿ ಮುಕ್ಕಾಲು ಪಾಲು ಮಿಷನ್ ಕೆಟ್ಟವರು.

ಮರುದಿನ ಕೋಣೆ ಖಾಲಿ ಮಾಡಲು ಹೋದರು. ಖಾಲಿ ಮಾಡಲು ಏನೂ ಇರಲಿಲ್ಲ. ಒಂದು ಮಂಚ, ಗೂಟಕ್ಕೆ ಎರಡು ಅಂಗಿ, ಚೀಲ. ಬಚ್ಚಲಲ್ಲಿ ಹಿಂದಿನ ತಗಡು ಕಳಚಿದ ಮಿಷನ್, ಸೋಪಿನ ತಟ್ಟೆಯಲ್ಲಿ ಸ್ಕ್ರೂಗಳು. ಭಾವ ಷೇರು ಕೊಂಡಿದ್ದ ಕಂಪನಿಯದೇ. ಬಾಡಿಗೆ ಎಷ್ಟು ಬಾಕಿ ಎಂದು ಭಾವ ಕೇಳಿದರು. ಮನೆಯೊಡತಿ ಸಂಕೋಚದಿಂದ, ದುಡ್ಡೇನೂ ಇಲ್ಲ, ಈ ತಿಂಗಳದ್ದಕ್ಕೆ ಇದನ್ನು ಸರಿಮಾಡಿಕೊಡುತ್ತೇನೆ ಅಂದಿದ್ದರು, ಹೊಸ ಬೇರಿಂಗ್ ಕೂರಿಸಿ ಆಗಿತ್ತಂತೆ, ಮುಚ್ಚುವುದೊಂದೇ ಉಳಿದಿತ್ತಂತೆ, ಬೇರೆಯವರನ್ನು ಕರೆಸುತ್ತೇನೆ ಬಿಡಿ ಎಂದಳು.

ಬೇರೆಯವರು ಎಂಬ ಮಾತು ಭಾವನಿಗೆ ಸಹಿಸಲಾಗಲಿಲ್ಲ. ಠೇವಣಿ ರಸೀದಿ ಬಿಟ್ಟರೆ ಜೀವನದಲ್ಲಿ ಏನನ್ನೂ ಜೋಡಿಸದ ಮನುಷ್ಯ ಪಂಚೆ ಎತ್ತಿಕಟ್ಟಿ ಒದ್ದೆ ನೆಲದಲ್ಲಿ ಕೂತರು. ಅಕ್ಕ ಚೀಲದಿಂದ ಟಾರ್ಚ್ ತೆಗೆದು ಹಿಡಿದಳು.

"ಮೊದಲು ಬೆಲ್ಟ್" ಎಂದಳು. "ಹಾಗಲ್ಲ, ದೊಡ್ಡ ಚಕ್ರಕ್ಕೆ ಆಮೇಲೆ. ಹಿಡಿದು ತಿರುಗಿಸಿ. ನಿಮಗಿಂತ ಅವನೇ ವಾಸಿಯಿದ್ದ, ಟಾರ್ಚ್ ಕೆಳಗೆ ಬಿದ್ರೂ ಕೆಲಸ ನಿಲ್ಲಿಸ್ತಿರಲಿಲ್ಲ."

ತಗಡು ಕೂತಿತು, ಒಂದು ಮೂಲೆ ಸೊಟ್ಟ. ಮನೆಯೊಡತಿ ಒಂದಷ್ಟು ಬಟ್ಟೆ ಹಾಕಿ ಗುಂಡಿ ಒತ್ತಿದಳು. ಮಿಷನ್ ಸೋರಲಿಲ್ಲ. ನೀರು ತುಂಬಿತು, ತೊಳೆಯಿತು, ಹಿಂಡಲು ಶುರುಮಾಡಿತು. ಗಡಗಡ ನಡುಗುತ್ತ ಗೋಡೆ ಬಿಟ್ಟು ಬಾಗಿಲ ಕಡೆ ಹೊರಟಿತು. ಭಾವ ಎರಡೂ ಕೈಯಿಂದ ಅದುಮಿದರು, ನಿಲ್ಲಲಿಲ್ಲ. ಕೊನೆಗೆ ಒಂದು ಕಾಲು ಬಕೆಟ್ಟಿನ ಮೇಲಿಟ್ಟು ಮಿಷನ್ನಿನ ಮೇಲೆ ಹತ್ತಿ ಕೂತೇಬಿಟ್ಟರು. ಹಲ್ಲು ಹಲ್ಲಿಗೆ ತಾಗುತ್ತಿತ್ತು, ಅರ್ಧ ಗಡ್ಡದ ಮುಖದಲ್ಲಿ ಕಣ್ಣೀರು ನೇರವಾಗಿ ಇಳಿಯಲಾರದೆ ಕಿವಿಯ ಕಡೆಗೆಲ್ಲ ಚೆದುರುತ್ತಿತ್ತು.

"ಇಳೀರಿ, ಬೀಳ್ತೀರಿ" ಎಂದಳು ಅಕ್ಕ.

"ನಮ್ಮ ಕಂಪನೀದು" ಎಂದರು ಭಾವ, ಮಾತೂ ನಡುಗುತ್ತಿತ್ತು. "ಹಿಂಡೋದು ಮುಗೀಲಿ."